ಜವರ ಅಫೀಮು ಬಿಟ್ಟದ್ದು

ಕೇಳ್ರಪ್ಪ, ಹತ್ತಿರ ಬಂದು ಕೂತು ಕೇಳಿ. ಹೊಂಬಾಳೆ ಅನ್ನೋ ರಾಜ್ಯದಲ್ಲಿ ಆನೆಗಳು ಬಹಳ, ಮಾವುತರೂ ಬಹಳ. ಆದರೆ ಮಾವುತರಿಗೆಲ್ಲ ಅಫೀಮಿನ ಚಟ. ಅವರು ತೂಕಡಿಸೋರು, ಆನೆಗಳು ಹೊಲಕ್ಕೆ ನುಗ್ಗೋವು. ಒಂದು ದಿನ ಜವರ ಅನ್ನೋ ಮಾವುತ ಆನೆ ಕತ್ತಿನ ಮೇಲೇ ಮಂಪರಿಗೆ ಜಾರಿದ. ಆನೆ ಅವನ ಗುಡಿಸಲನ್ನೇ ತುಳೀತು. ಹೆಂಡತಿ, ಕೂಸು ಕೂದಲೆಳೆಯಲ್ಲಿ ಉಳಿದರು.

ರಾಜ ಮಾವುತರಿಗೆಲ್ಲ ಛಡಿಯೇಟು ಕೊಡಿಸಿದ. ಚಟ ಹೋಗಲಿಲ್ಲ. ಸೆರೆಗೆ ಹಾಕಿಸಿದ. ಹೋಗಲಿಲ್ಲ. ದೇವರ ಮುಂದೆ ಆಣೆ ಮಾಡಿಸಿದ. ಆಗಲೂ ಇಲ್ಲ.

ಆಗ ಮಾಳವ್ವ ಅನ್ನೋ ವೈದ್ಯಗಾತಿ ರಾಜನ ಹತ್ತಿರ ಬಂದಳು. "ಬುದ್ಧೀ, ಹೊಡೆದದ್ದು ಸಾಕು. ಇನ್ನು ಬಹುಮಾನ ಕೊಡಿ."

"ಚಟಕ್ಕೆ ಬಹುಮಾನವೇ?"

"ಚಟಕ್ಕಲ್ಲ, ಬಿಟ್ಟಿದ್ದಕ್ಕೆ. ಮದ್ದು ನಾನು ಕೊಡ್ತೀನಿ."

ದಿನಾ ಬೆಳಿಗ್ಗೆ ಮಾಳವ್ವ ಮಾವುತರನ್ನ ನೆರಳಲ್ಲಿ ಕೂರಿಸಿ ಕಣ್ಣು ನೋಡೋಳು. ಅಫೀಮು ತಿಂದವನ ಕಣ್ಣಪಾಪೆ ಸಾಸಿವೆ ಕಾಳಿನಷ್ಟು ಕುಗ್ಗಿರುತ್ತೆ. ಪಾಪೆ ಅರಳಿದ್ದರೆ ಮೊದಲು ಒಂದಚ್ಚು ಬೆಲ್ಲ. ಮರುದಿನ ತೆಂಗಿನಕಾಯಿ. ಆಮೇಲೆ ಅಕ್ಕಿ, ಪಂಚೆ, ಸೀರೆ. ಬಿಟ್ಟಷ್ಟೂ ಬಹುಮಾನ ದೊಡ್ಡದು. ತಿಂದು ಬಂದರೆ ಬೈಗುಳವಿಲ್ಲ, ಆದರೆ ಮತ್ತೆ ಬೆಲ್ಲದಿಂದಲೇ ಶುರು.

ಜವರ ಸೀರೆ ತನಕ ಬಂದ. ಅದನ್ನ ನೋಡಿ ಕುಪ್ಪಯ್ಯನಿಗೆ ಹೊಟ್ಟೆ ಉರೀತು. ಈ ಕುಪ್ಪಯ್ಯ ಹೆಸರಿಗೆ ಮೆಣಸಿನ ವ್ಯಾಪಾರಿ, ಗುಟ್ಟಾಗಿ ಮಾರೋದು ಅಫೀಮು. ಒಂದುಂಡೆ ಬಿಟ್ಟಿಯಾಗಿ ತಂದು ಜವರನ ಕೈಗಿಟ್ಟ. ಜವರ ಸೋತ.

ಮಾರನೆ ದಿನ ತಲೆ ಬಗ್ಗಿಸಿ ಬಂದ. "ನಾನು ಯಾತಕ್ಕೂ ಬಾರದೋನು ಕಣವ್ವ."

"ಇಷ್ಟು ದಿನ ಬಿಟ್ಟಿದ್ದೋನು ಯಾರಪ್ಪ, ನೀನೇ ತಾನೆ? ನಾಳೆ ಬಾ, ಬೆಲ್ಲ ಇಟ್ಟಿರ್ತೀನಿ."

ಬಂದ. ಮತ್ತೆ ಸೀರೆ ಗೆದ್ದ, ಕರೆಯೋ ಹಸುವನ್ನೂ ಗೆದ್ದ. ಕುಪ್ಪಯ್ಯ ಮತ್ತೆ ಉಂಡೆ ತಂದಾಗ, "ನನ್ನ ಕೂಸು ಈಗ ಹಾಲು ಕುಡೀತದೆ, ನಡೀ ಆಚೆ!" ಅಂದ.

ಕುಪ್ಪಯ್ಯ ರಾಜನ ಹತ್ತಿರ ಓಡಿದ. "ಮಹಾಸ್ವಾಮಿ, ಮಾವುತರು ಕದ್ದು ತಿಂದು ಬಹುಮಾನ ಹೊಡೀತಿದ್ದಾರೆ. ನಾನು ಜನ್ಮದಲ್ಲಿ ಅಫೀಮು ಮುಟ್ಟಿದೋನಲ್ಲ, ನನಗೇನೂ ಇಲ್ಲ!"

"ಅಯ್ಯೋ, ಹಾಗಾದ್ರೆ ನಿಮಗೂ ಹಸು ಸಿಗಬೇಕು. ಬನ್ನಿ, ಕೂತ್ಕೊಳ್ಳಿ," ಅಂದಳು ಅಲ್ಲೇ ಇದ್ದ ಮಾಳವ್ವ.

ಹಸುವಿನ ಆಸೆಗೆ ಕುಪ್ಪಯ್ಯ ಮಾವುತರ ಸಾಲಲ್ಲಿ ಕೂತ. ಮಾವುತರ ಪಾಪೆಗಳೆಲ್ಲ ಅರಳಿದ್ದವು. ಕುಪ್ಪಯ್ಯನದು ಸಾಸಿವೆ ಕಾಳು!

ರಾಜ ಅವನ ಅಂಗಡಿ ಶೋಧಿಸಿದ. ಮೆಣಸಿನ ಮೂಟೆಗಳ ತುಂಬ ಅಫೀಮು. ಅದೆಲ್ಲ ಮಣ್ಣುಪಾಲಾಯ್ತು. ಕುಪ್ಪಯ್ಯನ ಪಾಲಿಗೆ ಆನೆ ಲದ್ದಿ ಬಾಚೋ ಕೆಲಸ ಬಂತು, ಜೊತೆಗೆ ಮಾಳವ್ವನ ಮದ್ದೂ ಬಂತು.

ನೋಡಿ ಮಕ್ಕಳೇ, ಬರೀ ದಂಡನೆಯಿಂದ ಚಟ ಬಿಡೋದಿಲ್ಲ. ಬಿಟ್ಟ ದಿನವೇ ಕೈಗೊಂದು ಒಳ್ಳೇದು ಸಿಗಬೇಕು, ಎಡವಿದವನಿಗೆ ಮತ್ತೆ ಶುರು ಮಾಡೋಕೆ ಬಾಗಿಲು ತೆರೆದಿರಬೇಕು. ಆಗ ಮನುಷ್ಯ ತಾನಾಗೇ ಗೆಲ್ತಾನೆ.