ಏರಿಯ ಕೆಳಗಿನ ಹಾವುಮೀನು

ವೈದ್ಯವಿದ್ಯೆ ಕಲಿಸಿದ ಗುರುಗಳ ಬಳಿಗೆ ಶಿಷ್ಯನೊಬ್ಬ ಬಂದು ಕೇಳಿದ:

"ಗುರುಗಳೇ, ಐವತ್ತು ದಾಟಿದ ಒಬ್ಬ ಮೇಷ್ಟ್ರು ನನ್ನ ರೋಗಿ. ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾದ ವಿರುದ್ಧ ಅವರ ರಕ್ತದಲ್ಲಿ ಪ್ರತಿಕಾಯಗಳು ಬಹಳ ಹೆಚ್ಚಾಗಿವೆ. ದೊಡ್ಡ ಕರುಳಿನ ಕ್ಯಾನ್ಸರ್ ಇರುವವರಲ್ಲಿ ಹೀಗೆ ಹೆಚ್ಚುವುದುಂಟು ಎಂದು ಓದಿದ್ದೇನೆ. ಆದರೆ ಬ್ಯಾಕ್ಟೀರಿಯಾವೇ ಕ್ಯಾನ್ಸರ್ ತರುತ್ತದೆಯೋ, ಇಲ್ಲ ಕ್ಯಾನ್ಸರ್ ಕರುಳಿನ ಗೋಡೆಯನ್ನು ಕೆಡಿಸಿದ ಮೇಲೆ ಬ್ಯಾಕ್ಟೀರಿಯಾ ನುಗ್ಗುತ್ತದೆಯೋ? ನಾಲ್ಕು ತಿಂಗಳಿಂದ ಓದುತ್ತಿದ್ದೇನೆ, ತೀರ್ಮಾನಕ್ಕೆ ಬರಲಾಗುತ್ತಿಲ್ಲ. ಬ್ಯಾಕ್ಟೀರಿಯಾ ಸಾಯಲೆಂದು ಎರಡು ಸಲ ಔಷಧ ಕೊಟ್ಟೆ. ಪ್ರತಿಕಾಯ ಇಳಿಯಲಿಲ್ಲ."

"ನಾಲ್ಕು ತಿಂಗಳೇ?" ಎಂದರು ಗುರುಗಳು. ಕನ್ನಡಕ ತೆಗೆದು ಕೆಳಗಿಟ್ಟರು. "ಕೂತುಕೋ."

ಶಿಷ್ಯ ಕೂತ. ಗುರುಗಳು ಹೇಳಿದರು:

ಒಂದು ಊರಿಗೆ ಒಂದು ಕೆರೆ. ಕೆರೆಯ ಏರಿಯ ಕೆಳಗೆ ಗದ್ದೆ, ಗದ್ದೆಯ ಪಕ್ಕದಲ್ಲಿ ಎಂಟು ಮನೆ. ಕೆರೆಯಲ್ಲಿ ಹಾವುಮೀನುಗಳಿದ್ದವು. ಎಂದಿನಿಂದಲೂ ಇದ್ದವು, ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಗದ್ದೆಗೆ ನೀರು ಬಿಡುವ ತೂಬಿಗೆ ಬಿದಿರಿನ ತಡಿಕೆ ಕಟ್ಟಿದ್ದರಿಂದ ಆ ದಾರಿಯಲ್ಲಿ ಮೀನು ಬರುವಂತಿರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ಗದ್ದೆಯಲ್ಲಿ ಹಾವುಮೀನು ಕಂಡರೆ ಕಾವಲುಗಾರ ಅದನ್ನು ಕೊಂದು, ತೂಬಿನ ಬಳಿ ತೂಗುಹಾಕಿದ ಮಡಕೆಗೆ ಒಂದು ಕಲ್ಲು ಹಾಕಬೇಕು. ವರ್ಷಕ್ಕೆ ಒಂದೋ ಎರಡೋ ಕಲ್ಲು ಬೀಳುತ್ತಿದ್ದವು. ಯುಗಾದಿಯ ದಿನ ಮಡಕೆ ಬರಿದು ಮಾಡುತ್ತಿದ್ದರು. ಕಲ್ಲು ಏಕೆ ಹಾಕಬೇಕೆಂಬುದು ಹಾಕುವವನಿಗೂ ಮರೆತುಹೋಗಿತ್ತು.

ಒಂದು ವರ್ಷ ದೀಪಾವಳಿಯ ಹೊತ್ತಿಗೇ ಹತ್ತೊಂಬತ್ತು ಕಲ್ಲಾದವು.

ಪಟೇಲ ಮಡಕೆ ಇಳಿಸಿ ಎಣಿಸಿದ. "ಕೆರೆಯಲ್ಲಿ ಮೀನು ಹೆಚ್ಚಾಗಿವೆ, ಹಿಡಿಸಿ" ಎಂದ. ಬಲೆ ಹಾಕಿದರು. ಊರಿಗೆ ಊರೇ ಹದಿನೈದು ದಿನ ಮೀನು ತಿಂದಿತು. ಹದಿನಾರನೆಯ ದಿನ ಇಪ್ಪತ್ತನೆಯ ಕಲ್ಲು ಬಿತ್ತು.

ಆಗ ಪಂಚಾಯಿತಿ ಸೇರಿತು. ಮೀನು ಏರಿಯನ್ನು ಕೊರೆದು ಬಂತು ಎಂದು ಅರ್ಧ ಜನ. ಏರಿ ಮೊದಲೇ ಬಿರಿದಿತ್ತು, ಮೀನು ದಾರಿ ಕಂಡು ಬಂತು ಎಂದು ಉಳಿದರ್ಧ. ಎರಡೂ ಕಡೆ ಬುದ್ಧಿವಂತರಿದ್ದರು. ಅದೇ ಕಷ್ಟವಾಯಿತು. ಐದು ಸಲ ಸೇರಿದರು, ಐದು ಸಲ ಎದ್ದರು. ಮೀನನ್ನೇ ಕರೆಸಿ ಕೇಳೋಣ ಎಂದು ಒಬ್ಬ ಹೇಳಿದ. ಎಲ್ಲರೂ ನಕ್ಕರು.

ನಗದೆ ಇದ್ದವಳು ನೀರುಗಂಟಿಯ ಹೆಂಡತಿ. ತೂಬು ತೆರೆದು ಮುಚ್ಚುವುದು, ಏರಿ ಕಾಯುವುದು ನೀರುಗಂಟಿಯ ಕೆಲಸ. ಅವನ ಅಪ್ಪ ದಿನವೂ ಏರಿಯ ಹಿಂಬದಿಯಲ್ಲಿ ಬರಿಗಾಲಲ್ಲಿ ನಡೆದು, ಎಲ್ಲಿ ತೇವ ಎಂದು ಅಂಗಾಲಿನಿಂದ ತಿಳಿಯುತ್ತಿದ್ದ. ಇವನ ಕಾಲಕ್ಕೆ ಅಲ್ಲಿ ಮುಳ್ಳುಪೊದೆ ಬೆಳೆದಿತ್ತು. ಇವನು ಏರಿಯ ಮೇಲೆ ಮಾತ್ರ ನಡೆಯುತ್ತಿದ್ದ, ಅದೂ ಚಪ್ಪಲಿ ಹಾಕಿಕೊಂಡು. ಎಂಟು ಮನೆಗಳಲ್ಲಿ ಏರಿಗೆ ಅಂಟಿದಂತಿದ್ದುದು ಇವನದೇ.

ಅವಳು ಎದ್ದು ಹೇಳಿದಳು: "ಪಟೇಲರೇ, ಮೀನು ಕೊರೆಯಿತೋ ಬಿರುಕು ಕಂಡು ಬಂತೋ, ಆಮೇಲೆ ಬೇಕಾದಷ್ಟು ಮಾತಾಡಿಕೊಳ್ಳಿ. ಹಿಂಬದಿಯ ಪೊದೆ ಸವರಿಸಿ, ಬಿಲ ಎಲ್ಲಿದೆ ಎಂದು ಒಮ್ಮೆ ಕೈ ಹಾಕಿ ನೋಡಿಸಿ. ನಾವು ಅದರ ಬುಡದಲ್ಲೇ ಮಲಗುವವರು."

"ಮೀನಿನ ಬಿಲವೋ ಹಾವಿನ ಬಿಲವೋ ಯಾರಿಗೆ ಗೊತ್ತಮ್ಮ? ಕೈ ಹಾಕುವವರು ಯಾರು, ನಿನ್ನ ಗಂಡನೇ?" ಎಂದು ಪಟೇಲ ಕೇಳಿದ.

ನೀರುಗಂಟಿ ತಲೆ ತಗ್ಗಿಸಿದ.

"ಇನ್ನೊಂದು ತಿಂಗಳು ಬಲೆ ಹಾಕೋಣ" ಎಂದ ಪಟೇಲ. "ಕಲ್ಲು ಕಡಿಮೆಯಾಗದಿದ್ದರೆ ಆಗ ನೋಡೋಣ."

ಕಲ್ಲು ಕಡಿಮೆಯಾಗುವುದು ಹೇಗೆ? ಮಡಕೆಗೆ ಬಿದ್ದ ಕಲ್ಲು ಯುಗಾದಿಯವರೆಗೆ ಮಡಕೆಯಲ್ಲೇ ಇರುತ್ತದೆ. ಅಷ್ಟೂ ಜನರಲ್ಲಿ ಒಬ್ಬನಿಗೂ ಅದು ಹೊಳೆಯಲಿಲ್ಲ.

ಏರಿ ಒಡೆದದ್ದು ಹಾಡಹಗಲು, ಮಳೆಯಿಲ್ಲದ ದಿನ. ಪಂಚಾಯಿತಿ ಆರನೆಯ ಸಲ ಸೇರಿತ್ತು. ಆದ್ದರಿಂದ ಗಂಡಸರೆಲ್ಲ ಊರ ಮೇಲಿನ ಅರಳಿಕಟ್ಟೆಯಲ್ಲಿದ್ದರು. ನೀರುಗಂಟಿಯ ಹೆಂಡತಿ ಮನೆಯಲ್ಲಿ ರಾಗಿ ಬೀಸುತ್ತಿದ್ದಳು. ಅವಳ ಹೆಣ ಮೂರನೆಯ ದಿನ ಸಿಕ್ಕಿತು. ಬೀಸುವ ಕಲ್ಲು ಸಿಗಲಿಲ್ಲ.

ನೀರು ಇಳಿದ ಮೇಲೆ ಮಣ್ಣು ಕೆಲಸದ ಮುದುಕನೊಬ್ಬ ಒಡೆದ ಜಾಗವನ್ನು ನೋಡಿದ. ಬಿಲ ಹಳೆಯದು ಎಂದ. ಮೊದಲ ವರ್ಷವೇ ನೋಡಿದ್ದರೆ ಇದು ಒಂದು ಮಂಕರಿ ಜೇಡಿಮಣ್ಣಿನ ಕೆಲಸವಾಗಿತ್ತು ಎಂದ. ನೀರುಗಂಟಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.

ಕೊರೆದದ್ದು ಮೀನೋ ಅಲ್ಲವೋ ಎಂಬ ವಾದ ಆ ಊರಿನಲ್ಲಿ ಇನ್ನೂ ಮುಗಿದಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಬಿಲ ಹಳೆಯದು ಅಂದ ಮೇಲೆ, ಗುರುಗಳೇ, ಮೀನು ಆಮೇಲೆ ಬಂದದ್ದು ಎಂದಾಯಿತಲ್ಲವೇ?"

ಗುರುಗಳು ಕನ್ನಡಕ ಹಾಕಿಕೊಂಡು ಅವನ ಮುಖವನ್ನೇ ನೋಡಿದರು.

"ಈ ನಾಲ್ಕು ತಿಂಗಳಲ್ಲಿ ಆ ಮೇಷ್ಟ್ರ ಕರುಳಿಗೆ ಒಂದು ಸಲ ಕೊಳವೆ ಹಾಕಿ ಒಳಗೆ ನೋಡಿದೆಯಾ?"