ಗುರವ್ವನ ಊಹೂಂ

ಕಥೆಗೆ ಹೂಂಗುಟ್ಟುವುದರಲ್ಲಿ ಗುರವ್ವನನ್ನು ಮೀರಿಸುವವರು ಭೀಮಾ ತೀರದ ಆ ಊರಲ್ಲಿ ಯಾರೂ ಇರಲಿಲ್ಲ. ಮಾಳಪ್ಪಜ್ಜ ಕಟ್ಟೆಯ ಮೇಲೆ ಕೂತು ಕಥೆ ಶುರು ಮಾಡಿದರೆ ಸಾಕು, ಅವಳ "ಹೂಂ" ತಪ್ಪದೆ ಬೀಳುತ್ತಿತ್ತು. ಆ ಹೂಂ ಇಲ್ಲದಿದ್ದರೆ ಅಜ್ಜನ ರಾಜಕುಮಾರ ಕುದುರೆಯನ್ನೇ ಹತ್ತುತ್ತಿರಲಿಲ್ಲ.

ಒಂದು ಮಳೆಗಾಲ ಹೊಳೆ ಊರನ್ನೇ ನುಂಗಿತು. ಜನರೆಲ್ಲ ದಿಬ್ಬದ ಮೇಲಿನ ತಗಡಿನ ಶೆಡ್ಡುಗಳಿಗೆ ಬಂದು ಸೇರಿದರು. ಗುರವ್ವನೂ ಬಂದಳು, ಆದರೆ ಅವಳ ಮಾತು ಬರಲಿಲ್ಲ. ತುತ್ತು ಬಾಯಿಗಿಡದೆ ತಗಡು ನೋಡುತ್ತ ಕೂರುತ್ತಿದ್ದಳು. "ಹೊಳಿ ಸುದ್ದಿ ಆಕೀ ಮುಂದ ಎತ್ತಬ್ಯಾಡ್ರಿ" ಎಂದು ಎಲ್ಲರೂ ಎಲ್ಲರ ಬಾಯಿ ಮುಚ್ಚಿಸಿದರು. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಎಂದು ಅಜ್ಜನಿಗೆ ಹೆದರಿಕೆಯಾಯಿತು.

ಅವಳೆದುರು ಕೂತು ರಾಜನ ಕಥೆ ಹೇಳಿದ. ರಾಣಿಯ ಕಥೆ ಹೇಳಿದ. ಹೂಂ ಇಲ್ಲ. ಒಂದು ಸಂಜೆ, ಆದದ್ದಾಗಲಿ ಎಂದು ಹೊಳೆಯ ಕಥೆಯನ್ನೇ ಎತ್ತಿಕೊಂಡ.

"ನೀರು ಬಂತು. ಗುರವ್ವನ ಎಮ್ಮಿ ಗಂಗಿ ಒದರಿತು..."

ಗುರವ್ವನ ತುಟಿ ಅಲುಗಿತು. ಎಮ್ಮೆಯ ಹೆಸರು ಚಂದ್ರಿ ಎಂಬುದು ಅಜ್ಜನಿಗೆ ನಿಜಕ್ಕೂ ಮರೆತುಹೋಗಿತ್ತು. ಆದರೆ ಆ ತುಟಿ ನೋಡಿದ್ದೇ ತಡ, ಮುದುಕನಿಗೆ ಹುರುಪು ಬಂತು. ಬೇಕೆಂದೇ ಸುಳ್ಳು ಪೋಣಿಸತೊಡಗಿದ.

"ಬೆಳ್ಳನ್ನ ಎಮ್ಮಿ. ಗುರವ್ವ ಅದನ್ನ ಗೂಟದಾಗ ಬಿಟ್ಟು ಓಡಿದ್ಲು."

"ಊಹೂಂ."

ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನಾ ಎಲ್ಲಿ ಓಡೀನಿ ಅಜ್ಜಾ? ಮೊದಲ ಚಂದ್ರಿ ಹಗ್ಗ ಬಿಚ್ಚೀನಿ. ತಲಿ ಮ್ಯಾಲ ಖಾರದ ಗಡಗಿ ಇಟಗೊಂಡು ಆಕೀ ಬಾಲ ಹಿಡಕೊಂಡೀನಿ."

"ಹೂಂ" ಅಂದ ಅಜ್ಜ. ಜೀವಮಾನದಲ್ಲಿ ಅವನು ಹೂಂಗುಟ್ಟಿದ್ದು ಅದೇ ಮೊದಲು.

"ಚಂದ್ರಿ ಈಸಿ ನನ್ನ ಹೊಳಿ ದಂಡಿಗೆ ತಂದು ಬಿಟ್ಲು. ಆಕೀ ಕರ ಹಿಂದ ಉಳದಿತ್ತು. ಅದರ ಸಲವಾಗಿ ತಿರುಗಿ ಹ್ವಾದ್ಲು. ಬರಲಿಲ್ಲ."

"ಹೂಂ."

ಗುರವ್ವ ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜನ ಕಣ್ಣೂ ತುಂಬಿತು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು, "ಖಾರ ಮಾತ್ರ ಒಂದ ಚಿಟಿಕಿ ತೊಯ್ದಿಲ್ಲ" ಅಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಖಾರ ಹಾಕಿದ ಸಾರಿನಲ್ಲಿ ರೊಟ್ಟಿ ಮುರಿದು ಉಣ್ಣುತ್ತ, ಪಕ್ಕದವರು ಹೇಳಿದ ಹೊಳೆಯ ಕಥೆಗೆ ಗುರವ್ವ ಮೊದಲಿನಂತೆ ಹೂಂಗುಟ್ಟಿದಳು.

ನೀತಿ: ನೊಂದವರ ಮುಂದೆ ನೋವಿನ ಮಾತು ಮುಚ್ಚಿಟ್ಟರೆ ನೋವು ಹೋಗುವುದಿಲ್ಲ. ಅವರ ಕಥೆಯನ್ನು ಅವರ ಬಾಯಿಂದಲೇ ಹೇಳಿಸಬೇಕು. ನಾವು ಕೂತು ಹೂಂಗುಟ್ಟಿದರೆ ಸಾಕು.