ಗುರುಮಲ್ಲಯ್ಯನವರ ಕಂಪ್ಯೂಟರು

ಹಿಡಿಯಷ್ಟು ಎದೆಯಲ್ಲೂ ಇಡಿಯಾಗಿ ನೆಲೆಸುವ ಶಿವನಿಗೆ ಶರಣು ಮಾಡಿ ಈ ಕಥೆ ಹೇಳುತ್ತೇನೆ.

ಕಪಿಲೆಯ ದಂಡೆಯ ಮೇಲೊಂದು ಮಠ. ಅಲ್ಲಿ ಗುರುಮಲ್ಲಯ್ಯ ಎಂಬ ಹಿರಿಯ ಶರಣರು. ಹುಟ್ಟಿನಿಂದ ಕಣ್ಣಿಲ್ಲ. ಯಾರಾದರೂ ವಚನ ಓದಿ ಹೇಳಿದರೆ ಅವರಿಗೆ ಅದೇ ಊಟ, ಅದೇ ನಿದ್ದೆ.

ಈಚೆಗೆ ಓದಿ ಹೇಳುವವರಿಗೆ ಬಿಡುವಿಲ್ಲ. ಒಂದು ದಿನ ಗುರುಮಲ್ಲಯ್ಯ ಮಠದ ಗುರುಗಳ ಬಳಿ ಬಂದು ಹೇಳಿದರು: "ಎಲ್ಲರಿಗೂ ತೊಂದರೆ ಕೊಟ್ಟದ್ದಾಯಿತು ಬುದ್ಧಿ. ನಾಳೆ ತಂಗಿ ಮಗ ಬರ್ತಾನೆ. ಅವರ ಮನೆಗೆ ಹೊರಟುಬಿಡ್ತೀನಿ."

ಇದನ್ನು ಕೇಳಿ ಶಿಷ್ಯ ಷಡಕ್ಷರಿಗೆ ಸಂಕಟವಾಯಿತು. ಭಕ್ತರೊಬ್ಬರು ಕೊಟ್ಟ ಹಳೇ ಕಂಪ್ಯೂಟರೊಂದು ಮಠದ ಮೂಲೆಯಲ್ಲಿತ್ತು. ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದರೆ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆಂದು ಅವನಿಗೆ ಗೊತ್ತಿತ್ತು.

ಕೂಡಲೇ ಕೂತ. ಡಿಸ್ಕ್ ಹಾಕಿದ. ಅರ್ಧಕ್ಕೆ ನಿಂತಿತು. ತೆಗೆದು ಮತ್ತೆ ಹಾಕಿದ. ಪರದೆ ಕಪ್ಪಾಯಿತು. ಎದ್ದು ಅಂಗಳ ಸುತ್ತಿದ, ಮತ್ತೆ ಬಂದು ಕೂತ. ಮತ್ತೆ ನಿಂತಿತು.

ಗುರುಗಳು ಬಂದರು. "ಏನು ಮರಿ, ಕೆಂಡದ ಮೇಲೆ ಕೂತ ಹಾಗಿದ್ದೀಯ?"

"ಇದರ ಮೆಮೊರಿ ಸಾಲದು ಬುದ್ಧಿ. ತುಂಬಾ ಹಳೇದು. ಯಾರನ್ನಾದರೂ ಹೊಸದು ಕೇಳೋಣವಾ?"

"ಯಾವುದಕ್ಕೆ ಸಾಲದು?"

"ಎಲ್ಲಾ ಪರದೆಗೇ ಹೋಗುತ್ತೆ. ಬಣ್ಣದ ಚಿತ್ರ, ತೆರೆದು ಮುಚ್ಚೋ ಕಿಟಕಿ, ಅದಕ್ಕೊಂದು ನೆರಳು... ನೋಡೋಕೆ ಎಷ್ಟು ಚೆಂದ ಗೊತ್ತಾ ಬುದ್ಧಿ!"

ಗುರುಗಳು ಬಗ್ಗಿ ವೈರು ಕಿತ್ತರು. ಪರದೆಯನ್ನು ಮಗುವಿನಂತೆ ಎತ್ತಿಕೊಂಡು ಜಗಲಿಯತ್ತ ನಡೆದರು.

"ಬುದ್ಧಿ! ಅದಿಲ್ಲದೆ ನೋಡೋದು ಹೇಗೆ?"

"ಯಾರು ನೋಡೋದು?"

ಜಗಲಿಯಲ್ಲಿ ಕೂತಿದ್ದ ಗುರುಮಲ್ಲಯ್ಯ ನಕ್ಕುಬಿಟ್ಟರು. "ನಾನಂತೂ ಅಲ್ಲಪ್ಪ!"

ಷಡಕ್ಷರಿ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ಕೆಲಸ ಮುಗಿಯೋ ತನಕ ಪರದೆ ಕೊಡಿ ಬುದ್ಧಿ. ಆಮೇಲೆ ನಾನೇ ತಂದೊಪ್ಪಿಸ್ತೀನಿ."

ಈ ಸಲ ಚಿತ್ರ ಬೇಡವೆಂದ, ಕಿಟಕಿ ಬೇಡವೆಂದ. ಅಕ್ಷರ ಮತ್ತು ದನಿ, ಇಷ್ಟನ್ನೇ ಹಾಕಿದ. ಯಂತ್ರ ಎಲ್ಲೂ ನಿಲ್ಲಲಿಲ್ಲ. ವಚನಗಳನ್ನೂ ಅದರೊಳಗೆ ತುಂಬಿ, ಪರದೆಯನ್ನು ಗುರುಗಳಿಗೆ ಒಪ್ಪಿಸಿದ.

ಮಾರನೆಯ ದಿನ ಗುರುಮಲ್ಲಯ್ಯನವರ ಬೆರಳು ಹಿಡಿದು ಎರಡು ಕೀಲಿಗಳ ಮೇಲಿಟ್ಟ. "ಇದು ಮುಂದಿನ ಸಾಲು ಅಯ್ಯನೋರೆ. ಇದು ಹಿಂದಿನದು."

ಯಂತ್ರ ವಚನ ಓದತೊಡಗಿತು.

"ಇದಕ್ಕೇನು ನೆಗಡಿಯಾ ಮರಿ?"

"ಅದರ ದನಿಯೇ ಹಾಗೆ ಅಯ್ಯನೋರೆ."

"ಇರಲಿ ಬಿಡು. ನಿನ್ನ ಹಾಗೆ ಅವಸರಕ್ಕೆ ಸಾಲು ಹಾರಿಸೋದಿಲ್ಲ."

ಅಷ್ಟರಲ್ಲಿ ತಂಗಿಯ ಮಗ ಬಾಗಿಲಲ್ಲಿ ಬಂದು ನಿಂತ. "ಮಾವ, ಹೊರಡೋಣ್ವಾ?"

ಗುರುಮಲ್ಲಯ್ಯ ಅತ್ತ ತಿರುಗಲಿಲ್ಲ. "ನೀನು ಹೋಗಿ ಬಾರಪ್ಪ. ನಾನು ಓದ್ತಾ ಇದ್ದೀನಿ."

ಮಧ್ಯಾಹ್ನವಾಯಿತು. ದಾಸೋಹದಲ್ಲಿ ಎಲೆ ಹಾಕಿಯಾಗಿತ್ತು. ಷಡಕ್ಷರಿ ಅಲ್ಲಿಗೂ ಇಲ್ಲಿಗೂ ಓಡಾಡಿದ. ಕೊನೆಗೆ ಗುರುಗಳ ಬಳಿ ಬಂದ.

"ಬುದ್ಧಿ, ಅಯ್ಯನೋರು ಏಳ್ತಾನೇ ಇಲ್ಲ. ಅನ್ನ ಆರಿಹೋಗುತ್ತೆ. ಹೋಗಿ ಎಬ್ಬಿಸಲಾ?"

ಗುರುಗಳು ಹೇಳಿದರು: "ಅನ್ನ ಕಾಯಲಿ ಮರಿ. ಅವರು ಕಾದದ್ದು ಸಾಕು."

ಈ ಕಥೆಗೆ ಕಿವಿಗೊಟ್ಟ ನಿಮ್ಮೆಲ್ಲರ ಮನೆಯನ್ನೂ ಶಿವನು ತಣ್ಣಗೆ ಇಟ್ಟಿರಲಿ.